ಹದಿನಾಲ್ಕನೇ ನಂಬರಿಗೆ ಆರು ಭಾನುವಾರ

ಸೇಂಟ್ ಓಡೆಲ್, ಲೂಯಿಸಿಯಾನಾ
ಸೆಪ್ಟೆಂಬರ್ 8, 1971

ಮಿಸೆಸ್ ಕುಲಿಕ್ ಅವರಿಗೆ,

ನಿಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಕ್ಲೋವಿಸ್ ಗಿಡ್ರಿಯ ತಾಯಿ ನಾನು. ಗುರುತು ಪರಿಚಯವಿಲ್ಲದೆ ಬರೆಯುತ್ತಿದ್ದೇನೆ, ಕ್ಷಮಿಸಬೇಕು. ಇಲ್ಲಿನ ಶಾಲೆಯಲ್ಲಿ ಎರಡನೇ ತರಗತಿಗೆ ಪಾಠ ಹೇಳುತ್ತೇನೆ. ಕ್ಲೋವಿಸ್ ನನ್ನ ಒಬ್ಬನೇ ಮಗ.

ನಿಮ್ಮ ಊರಿನ ಫುಟ್‌ಬಾಲ್ ತಂಡದ ಆಟ ನಮ್ಮ ಟಿ.ವಿ.ಯಲ್ಲಿ ಬರುವುದಿಲ್ಲ. ಪತ್ರಿಕೆಯಲ್ಲಿ ಮರುದಿನ ಅಂಕಗಳು ಮಾತ್ರ ಬರುತ್ತವೆ, ಅದೂ ಒಂದು ಮೂಲೆಯಲ್ಲಿ. ಊರಿನಲ್ಲಿ ನಡೆಯುವ ಪ್ರತಿ ಆಟಕ್ಕೂ ನೀವು ಹೋಗುತ್ತೀರಿ ಎಂದು ಕ್ಲೋವಿಸ್ ಹೇಳಿದ. ಆಗಾಗ ನಾಲ್ಕು ಸಾಲು ಬರೆದು ಅವನು ಹೇಗಿದ್ದಾನೆಂದು ತಿಳಿಸುವಿರಾ?

ಅವನು ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆದು ಇಡೀ ತಂಡವನ್ನು ನಡೆಸುವವನು. ನಮ್ಮ ಕಪ್ಪು ಜನರ ಹುಡುಗರನ್ನು ದೊಡ್ಡ ತಂಡಗಳಲ್ಲಿ ಆ ಜಾಗದಲ್ಲಿ ನಿಲ್ಲಿಸುವುದಿಲ್ಲ ಎಂಬುದು ನಿಮಗೂ ಗೊತ್ತಿರಬಹುದು. ಓಡು ಎನ್ನುತ್ತಾರೆ, ಎಸೆದದ್ದನ್ನು ಹಿಡಿ ಎನ್ನುತ್ತಾರೆ. ಅವನನ್ನು ಬೇರೆ ಮೂರು ತಂಡಗಳು ಕೇಳಿದ್ದವು, ಮೂವರೂ ಹೀಗೇ ಹೇಳಿದರು. ನಿಮ್ಮ ಡಾಕರ್ಸ್ ತಂಡದವರು ಮಾತ್ರ ಎಸೆಯಲು ಬಿಡುತ್ತೇವೆ ಎಂದರು. ಆ ಒಂದು ಮಾತಿಗಾಗಿ ಕಡಿಮೆ ಸಂಬಳಕ್ಕೆ ಅಲ್ಲಿಗೆ ಬಂದಿದ್ದಾನೆ.

ಈ ಕೆಲಸ ಕೈಗೆ ಹತ್ತಲು ಮೂರು ವರ್ಷ ಬೇಕು ಎಂದು ಅವನ ಕಾಲೇಜಿನ ಕೋಚ್ ನನಗೆ ಹೇಳಿದ್ದರು. ನಿಮ್ಮ ಊರಿನವರು ಅಷ್ಟು ಕಾಯುವ ಜನವೇ?

ಅರ್ಲೀನ್ ಗಿಡ್ರಿ

•

ಪೋರ್ಟ್ ಹ್ಯಾನ್ಸನ್, ಓಹಾಯೋ
ಸೆಪ್ಟೆಂಬರ್ 28, 1971

ಪ್ರೀತಿಯ ಅರ್ಲೀನ್,

ತಡವಾಗಿ ಬರೆಯುತ್ತಿದ್ದೇನೆಂದು ಬೇಸರ ಮಾಡಿಕೊಳ್ಳಬೇಡ. ಒಳ್ಳೆ ಸುದ್ದಿ ಕೈಯಲ್ಲಿ ಹಿಡಿದೇ ಬರೆಯೋಣ ಅಂತ ಕೂತಿದ್ದೆ. ನಿನ್ನ ಮಗ ಗೆದ್ದ!

ನಮ್ಮ ಹಳೆ ಕ್ವಾರ್ಟರ್‌ಬ್ಯಾಕ್ ರೇ ಮಲೋನಿ ಮೊದಲ ಆಟದಲ್ಲೇ ಮಂಡಿ ಮುರಿದುಕೊಂಡು ಮಲಗಿದ. ಪಾಪ, ಅವನಿಗೂ ವಯಸ್ಸಾಯಿತು. ಮೊನ್ನೆ ಭಾನುವಾರ ಕ್ಲೋವಿಸ್ ಆಡಿದ. ಮೊದಲರ್ಧ ಎಸೆದದ್ದೆಲ್ಲ ನೆಲಕ್ಕೇ ಬೀಳುತ್ತಿತ್ತು. ಆಮೇಲೆ ಒಂದು ಚೆಂಡು ಎಸೆದ ನೋಡು, ಅಷ್ಟು ದೂರ ಹೋಗಿ ಓಡುತ್ತಿದ್ದವನ ಎದೆಗೇ ಬಿತ್ತು. ನನ್ನ ಪಕ್ಕದಲ್ಲಿ ಕೂರುವ ಮೈದುನ ಸ್ಟ್ಯಾಶ್ ಮುಂಗೋಪಿ, ಯಾರನ್ನೂ ಹೊಗಳುವವನಲ್ಲ. ಅವನೂ ಎದ್ದು ನಿಂತು, "ಈ ಹುಡುಗ ಆಗ್ತಾನೆ ಕಣೇ ಜೆನ್!" ಅಂತ ನನ್ನ ಹೆಗಲು ಕಿತ್ತುಹೋಗುವ ಹಾಗೆ ಹೊಡೆದ.

ನಮ್ಮ ಸಾಲಿನಲ್ಲಿ ಒಂದು ಪದ್ಧತಿ ಇದೆ. ಹೊಸ ಕ್ವಾರ್ಟರ್‌ಬ್ಯಾಕ್ ಬಂದಾಗ ನಾನು ಹಾಸಿಗೆಯ ಬಿಳಿ ದುಪ್ಪಟಿಯ ಮೇಲೆ ಅವನ ನಂಬರನ್ನು ಕೆಂಪು ಬಟ್ಟೆಯಲ್ಲಿ ಹೊಲಿಯುತ್ತೇನೆ. ಆಟದ ಹಿಂದಿನ ಸಂಜೆ ಕಾವಲುಗಾರ ಬಾಗಿಲು ತೆಗೆದು ಒಳಗೆ ಬಿಡುತ್ತಾನೆ, ಗ್ಯಾಲರಿಯ ಮುಂದಿನ ಕಂಬಿಗೆ ಕಟ್ಟಿ ಬರುತ್ತೇನೆ. ನನ್ನ ಗಂಡ ವಾಲ್ಟರ್ ಇದ್ದಾಗಿನಿಂದ ನಡೆದುಬಂದದ್ದು. ಈ ಸಲ ಹದಿನಾಲ್ಕು. ಕ್ಲೋವಿಸ್ ಮೈದಾನಕ್ಕೆ ಬಂದವನೇ ತಲೆ ಎತ್ತಿ ಅದನ್ನು ನೋಡಿ, ಎದೆ ಮುಟ್ಟಿಕೊಂಡ.

ಕಾಯುವ ವಿಷಯ ಕೇಳಿದೆಯಲ್ಲ. ರೇ ಮಲೋನಿ ಬಂದ ವರ್ಷ ನಾವು ಹನ್ನೊಂದು ಆಟ ಸೋತೆವು. ಯಾರೂ ಸೀಟು ಬಿಡಲಿಲ್ಲ. ನಮ್ಮದು ಹಡಗಿಗೆ ಅದಿರು ತುಂಬುವ ಊರು ಕಣಮ್ಮ, ಕಾಯುವುದು ನಮಗೆ ರಕ್ತದಲ್ಲೇ ಇದೆ.

ಪಿರೋಗಿ ಕಡುಬು ಮಾಡಿದರೆ ತಟ್ಟೆ ನೆಕ್ಕಿ ಇಡುತ್ತಾನೆ. ಭಾನುವಾರ ಬೆಳಿಗ್ಗೆ ಚರ್ಚಿನ ಪೂಜೆಗೆ ನನ್ನ ಜೊತೆ ಬರುತ್ತಾನೆ. ಚಿಂತೆ ಬೇಡ.

ನಿನ್ನ ಜೆನ್ ಕುಲಿಕ್

•

ಸೇಂಟ್ ಓಡೆಲ್
ಅಕ್ಟೋಬರ್ 6, 1971

ಮಿಸೆಸ್ ಕುಲಿಕ್ ಅವರಿಗೆ,

ನಿಮ್ಮ ಪತ್ರವನ್ನು ಕ್ಲೋವಿಸ್‌ನ ತಂದೆಗೆ ಓದಿ ಹೇಳಿದೆ. ದುಪ್ಪಟಿಯ ಭಾಗವನ್ನು ಎರಡು ಸಲ ಓದಿಸಿಕೊಂಡರು. ನಿಮಗೆ ನಮ್ಮಿಬ್ಬರ ವಂದನೆ.

ಮೊನ್ನೆಯ ಆಟ ಸೋತರೆಂದು ಪತ್ರಿಕೆಯಲ್ಲಿ ನೋಡಿದೆ. ಪರವೂರಿನ ಆಟವಾದ್ದರಿಂದ ನೀವೂ ಹೋಗಿರಲಾರಿರಿ. ಅವನು ಸರಿಯಾಗಿ ನಿದ್ದೆ ಮಾಡುತ್ತಿದ್ದಾನೆಯೇ? ಮನಸ್ಸು ಕೆಟ್ಟಾಗ ಅವನು ಗಲಾಟೆ ಮಾಡುವುದಿಲ್ಲ, ಎಲ್ಲರಿಗಿಂತ ಹೆಚ್ಚು ವಿನಯವಂತನಾಗುತ್ತಾನೆ. ತಟ್ಟೆ ತೊಳೆದಿಡುತ್ತಾನೆ, ಮೆಟ್ಟಿಲು ಗುಡಿಸುತ್ತಾನೆ. ಹಾಗೇನಾದರೂ ಕಂಡರೆ ನನಗೆ ಬರೆಯಿರಿ.

ನಮ್ಮ ಫೋನ್ ಸ್ವಲ್ಪ ತೊಂದರೆ ಕೊಡುತ್ತಿದೆ, ಭಾನುವಾರ ಸಂಜೆ ನಾವು ತೆಗೆಯುತ್ತಿಲ್ಲ. ಅವನಿಗೆ ಶನಿವಾರ ಮಾಡಲು ಹೇಳಿ.

ಪೆಕನ್ ಮಿಠಾಯಿ ಕಳಿಸಿದ್ದೇನೆ. ಅರ್ಧ ನಿಮಗೆ.

ಅರ್ಲೀನ್ ಗಿಡ್ರಿ

•

ಪೋರ್ಟ್ ಹ್ಯಾನ್ಸನ್
ಅಕ್ಟೋಬರ್ 18, 1971

ಪ್ರೀತಿಯ ಅರ್ಲೀನ್,

ಮಿಠಾಯಿ ಬಂತು. ಅರ್ಧ ಏನು, ಮುಕ್ಕಾಲು ನಾನೇ ಮುಗಿಸಿದೆ, ನಿನ್ನ ಮಗನಿಗೆ ಹೇಳಬೇಡ.

ಎರಡು ಭಾನುವಾರ ಇಲ್ಲೇ ಆಡಿ ಎರಡೂ ಸೋತೆವು. ನಿನ್ನೆ ಎರಡು ಸಲ ಅವನ ಎಸೆತ ಎದುರಿನವರ ಕೈಗೆ ಹೋಯಿತು. ಗ್ಯಾಲರಿಯಲ್ಲಿ ಸ್ವಲ್ಪ ಗಲಾಟೆ ಆಯಿತು, ಅಷ್ಟೆ. ಚಳಿ ಬೇರೆ ಶುರುವಾಯಿತು, ಸರೋವರದ ಗಾಳಿ ಬಂದರೆ ಈ ಊರಿನವರಿಗೆ ಯಾವುದೂ ಸರಿಹೋಗುವುದಿಲ್ಲ. ಸ್ಟ್ಯಾಶ್ ಅಂತೂ ಬಿಯರ್ ಇಳಿದ ಮೇಲೆ, "ಕಾಲು ಚುರುಕಾಗಿದೆ, ಓಡಿಸ್ಬಾರ್ದಾ? ಎಸೆಯೋ ಬುದ್ಧಿ ಎಲ್ಲಿಂದ ಬರ್ಬೇಕು ಅವನಿಗೆ" ಅಂತ ಗೊಣಗುತ್ತಿದ್ದ. "ಬಾಯ್ಮುಚ್ಕೊಂಡು ಆಟ ನೋಡು" ಅಂದೆ. ನಾಲಿಗೆ ಉದ್ದ, ಮನಸ್ಸು ಕೆಟ್ಟದ್ದಲ್ಲ ಅವನದು.

ಕ್ಲೋವಿಸ್ ಚೆನ್ನಾಗಿದ್ದಾನೆ. ಎಂಥ ಒಳ್ಳೆಯ ಹುಡುಗನನ್ನು ಬೆಳೆಸಿದ್ದೀಯಮ್ಮ! ಇವತ್ತು ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಮುಂದಿನ ಮೆಟ್ಟಿಲೆಲ್ಲ ಗುಡಿಸಿ, ಎಲೆ ರಾಶಿ ಮಾಡಿಟ್ಟಿದ್ದ.

ಜೆನ್

•

ಸೇಂಟ್ ಓಡೆಲ್
ಅಕ್ಟೋಬರ್ 23, 1971

ಮಿಸೆಸ್ ಕುಲಿಕ್ ಅವರಿಗೆ,

ಮೆಟ್ಟಿಲು ಗುಡಿಸಿದ ಎಂದು ಬರೆದಿದ್ದೀರಿ. ನಾನು ಕೇಳಿಕೊಂಡದ್ದು ನಿಮಗೆ ಮರೆತಿರಬಹುದು.

ಸ್ವಲ್ಪ ಗಲಾಟೆ ಎಂದರೆ ಎಷ್ಟು? ನನ್ನ ತರಗತಿಯಲ್ಲಿ ಮಕ್ಕಳು ಹೀಗೆಯೇ ಹೇಳುತ್ತಾರೆ, ಹೋಗಿ ನೋಡಿದರೆ ಯಾರದೋ ಹಲ್ಲು ಮುರಿದಿರುತ್ತದೆ. ನನಗೆ ಮೃದು ಮಾತು ಬೇಡ. ಇದ್ದದ್ದನ್ನು ಬರೆಯಿರಿ.

ಕ್ಲೋವಿಸ್ ನಿಮಗೆ ಹೇಳಿರಲಾರ, ಆದ್ದರಿಂದ ನಾನು ಹೇಳುತ್ತೇನೆ. ಪ್ರತಿ ಸೋಮವಾರ ಕೋಚ್ ಅವನನ್ನು ಒಳಗೆ ಕರೆದು, ಎಸೆಯುವುದು ಸಾಕು, ಹಿಡಿಯುವವನಾಗು ಎನ್ನುತ್ತಾರೆ. ಪ್ರತಿ ಸೋಮವಾರ ಇವನು ಆಗುವುದಿಲ್ಲ ಎನ್ನುತ್ತಾನೆ. ಈ ವರ್ಷ ಮುಗಿಯುವ ತನಕ ಅವನಾಗಿ ಒಪ್ಪದೆ ಬದಲಿಸುವುದಿಲ್ಲ ಎಂದು ಅವರು ಮಾತು ಕೊಟ್ಟಿದ್ದಾರೆ. ಅವನ ಬಾಯಿಂದ ಹೂಂ ಬಂದರೆ ಮುಗಿಯಿತು. ಆ ಜಾಗ ಬಿಟ್ಟುಕೊಟ್ಟ ನಮ್ಮ ಹುಡುಗರಲ್ಲಿ ಒಬ್ಬನೂ ಮತ್ತೆ ಅಲ್ಲಿಗೆ ಹೋದದ್ದನ್ನು ನಾನು ಕಂಡಿಲ್ಲ.

ಅಲ್ಲಿ ಅವನಿಗೆ ನಮ್ಮವರು ಅಂತ ಯಾರೂ ಇಲ್ಲ. ಒಂದು ಮನೆ, ಒಂದು ಅಡುಗೆಮನೆ, ನೀವು. ಅವನು ಆಗುವುದಿಲ್ಲ ಎನ್ನುತ್ತಲೇ ಇರುವಂತೆ ನೋಡಿಕೊಳ್ಳಿ. ಇದಕ್ಕಿಂತ ಹೆಚ್ಚಿಗೆ ನಿಮ್ಮನ್ನು ಏನೂ ಕೇಳುವುದಿಲ್ಲ.

ಅರ್ಲೀನ್ ಗಿಡ್ರಿ

•

ಪೋರ್ಟ್ ಹ್ಯಾನ್ಸನ್
ನವೆಂಬರ್ 2, 1971

ಪ್ರೀತಿಯ ಅರ್ಲೀನ್,

ನಿನ್ನ ಕಾಗದ ಓದಿ ನಿದ್ದೆ ಬರಲಿಲ್ಲ. ಕೋಚ್ ಹೀಗೆ ಕಾಡುತ್ತಿರುವುದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನಿರುವ ತನಕ ಹುಡುಗ ಒಂಟಿಯಲ್ಲ, ಇದನ್ನು ನೀನು ನಂಬಬೇಕು.

ಮೊನ್ನೆಯ ಆಟ ಚೆನ್ನಾಗಿ ಆಗಲಿಲ್ಲ. ಶುರುವಿನಿಂದಲೇ ಅವನ ಮನಸ್ಸು ಮೈದಾನದಲ್ಲಿ ಇರಲಿಲ್ಲ, ಯಾಕೋ ತಿಳಿಯಲಿಲ್ಲ. ಹಿಂದಿನ ವಾರ ಪರವೂರಿನಲ್ಲಿ ಗೆದ್ದು ಬಂದಿದ್ದನಲ್ಲ, ಹುರುಪಾಗಿ ಇರುತ್ತಾನೆ ಅಂದುಕೊಂಡಿದ್ದೆ. ಮನೆಗೆ ಬಂದವನು ಅಡುಗೆಮನೆಗೆ ಇಣುಕಲೂ ಇಲ್ಲ, ನೇರ ಮೇಲೆ ಹೋದ. ಕರೆದೆ. "ಹೊಟ್ಟೆ ತುಂಬಿದೆ ಮಿಸ್ ಜೆನ್, ಥ್ಯಾಂಕ್ಸ್" ಅಂದ. ದಣಿದಿರಬೇಕು ಅಂತ ಸುಮ್ಮನಾದೆ.

ಗಲಾಟೆ ಎಷ್ಟು ಅಂತ ಕೇಳಿದ್ದೀಯ. ಬೂ ಅಂತ ಕೂಗುತ್ತಾರೆ, ನಿಜ. ರೇ ಮಲೋನಿಗೂ ಕೂಗುತ್ತಿದ್ದರು. ದುಪ್ಪಟಿ ಕೊಳೆಯಾಗಿತ್ತು, ಆಟಕ್ಕೆ ಮುಂಚೆ ಬಿಚ್ಚಿಕೊಂಡು ಒಗೆಯಲು ಮನೆಗೆ ತಂದೆ. ಬೇರೆ ಹೇಳುವಂಥದ್ದು ಏನೂ ಇಲ್ಲ.

ಜೆನ್

•

ಸೇಂಟ್ ಓಡೆಲ್
ನವೆಂಬರ್ 8, 1971

ಮಿಸೆಸ್ ಕುಲಿಕ್ ಅವರಿಗೆ,

ಕ್ಲೋವಿಸ್ ಶನಿವಾರ ಫೋನ್ ಮಾಡಿದ್ದ. ನವೆಂಬರ್ ಒಂದರ ಸೋಮವಾರ ಅವನು ಕೋಚ್‌ಗೆ ಹೂಂ ಎಂದಿದ್ದಾನೆ. ಕಾಗದಕ್ಕೆ ಸಹಿಯನ್ನೂ ಹಾಕಿದ್ದಾನೆ. ಇನ್ನು ಮುಂದೆ ಬೇರೆಯವರು ಎಸೆದದ್ದನ್ನು ಹಿಡಿಯುತ್ತಾನೆ.

ಯಾಕೆ ಎಂದು ಕೇಳಿದೆ. "ಅಮ್ಮಾ, ಕೂಗಾಟ ಎಲ್ಲ ತಡ್ಕೊಂಡಿದ್ದೆ. ಭಾನುವಾರ ಮೈದಾನಕ್ಕೆ ಬಂದು ತಲೆ ಎತ್ತಿ ನೋಡಿದ್ರೆ ಕಂಬಿ ಖಾಲಿ. ಮಿಸ್ ಜೆನ್ ಕೂತಿದ್ರು, ನನ್ನ ಮುಖ ನೋಡ್ಲಿಲ್ಲ. ಅವರಿಗೂ ಸಾಕಾಗಿದೆ ಅಂದ್ಮೇಲೆ ಇನ್ಯಾರಿಗೋಸ್ಕರ ಹಟ ಹಿಡೀಲಿ?" ಎಂದ.

ನೀವು ಒಗೆಯಲು ತಂದಿರಿ ಎಂದು ಬರೆದಿದ್ದೀರಿ. ಆಟ ಶುರುವಾಗುವ ಮುಂಚೆ ಯಾರೂ ಬಟ್ಟೆ ಒಗೆಯುವುದಿಲ್ಲ.

ನಾನೂ ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ನಮ್ಮ ಫೋನ್ ಕೆಟ್ಟಿಲ್ಲ. ಅಕ್ಟೋಬರ್ ಮೊದಲ ವಾರದಿಂದ, ನಿಮ್ಮ ತಂಡ ಸೋತ ಪ್ರತಿ ಭಾನುವಾರ ಸಂಜೆ ಅದು ಹೊಡೆದುಕೊಳ್ಳುತ್ತದೆ. ನಿಮ್ಮ ಊರಿನವರೇ. ಈ ಊರಿನ ಫೋನ್ ಪುಸ್ತಕದಲ್ಲಿ ನಮ್ಮ ಮನೆತನದ ಹೆಸರು ಒಂದೇ ಇದೆ, ಹುಡುಕುವುದು ಕಷ್ಟವಲ್ಲ. ಮೊದಲನೆಯದನ್ನು ನಾನೇ ತೆಗೆದೆ. ಒಬ್ಬ ಹೆಂಗಸು, ಸುಮಾರು ನನ್ನ ವಯಸ್ಸಿನವಳು, ಹಿಂದೆ ರೇಡಿಯೋ ಸದ್ದು. ಅವಳು ಹೇಳಿದ್ದನ್ನು ನಾನು ನನ್ನ ಗಂಡನಿಗೂ ಹೇಳಿಲ್ಲ. ಹಾಗಾಗಿ ಗಲಾಟೆ ಎಷ್ಟು ಎಂದು ನಿಮ್ಮನ್ನು ಕೇಳಿದಾಗ ನನಗೆ ಉತ್ತರ ಗೊತ್ತಿತ್ತು. ನೀವು ಹೇಳುತ್ತೀರೋ ಇಲ್ಲವೋ ಎಂದು ನೋಡಬೇಕಿತ್ತು.

ಇನ್ನೊಂದು ಮಾತು. ನಿಮ್ಮ ಮೊದಲ ಪತ್ರದಿಂದಲೇ ನೀವು ನನ್ನನ್ನು ಅರ್ಲೀನ್ ಎಂದು ಕರೆದಿರಿ. ನಿಮ್ಮ ಮನಸ್ಸಿನಲ್ಲಿ ಅದು ಸಲಿಗೆ ಇರಬಹುದು. ನಮ್ಮ ಊರಿನಲ್ಲಿ ಬಿಳಿಯರು ನಮ್ಮನ್ನು ಬರೀ ಹೆಸರು ಹಿಡಿದಲ್ಲದೆ ಬೇರೆ ರೀತಿಯಲ್ಲಿ ಕರೆದದ್ದೇ ಇಲ್ಲ, ಅಂಚೆಯವನಿಂದ ಅಂಗಡಿಯವನ ತನಕ. ಇಪ್ಪತ್ತೆರಡು ವರ್ಷ ಪಾಠ ಹೇಳಿದ್ದೇನೆ. ನನ್ನ ಹೆಸರು ಮಿಸೆಸ್ ಗಿಡ್ರಿ.

ಅರ್ಲೀನ್ ಗಿಡ್ರಿ

•

ಪೋರ್ಟ್ ಹ್ಯಾನ್ಸನ್
ನವೆಂಬರ್ 13, 1971

ಮಿಸೆಸ್ ಗಿಡ್ರಿ ಅವರಿಗೆ,

ನಾಲ್ಕು ಹಾಳೆ ಹರಿದು ಹಾಕಿ ಐದನೆಯದರಲ್ಲಿ ಬರೆಯುತ್ತಿದ್ದೇನೆ. ನೀವು ಇದ್ದದ್ದನ್ನು ಬರೆಯಿರಿ ಅಂದಿದ್ದಿರಿ.

ಆ ಆಟದ ಹಿಂದಿನ ಶನಿವಾರ ಸಂಜೆ ಎಂದಿನಂತೆ ದುಪ್ಪಟಿ ಕಟ್ಟಿ ಬಂದಿದ್ದೆ. ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಹದಿನಾಲ್ಕರ ಮೇಲೆ ಅಡ್ಡಡ್ಡ ಟಾರಿನಲ್ಲಿ ಬರೆದಿದ್ದರು. ಏನು ಬರೆದಿದ್ದರೆಂದು ನಿಮಗೆ ಹೇಳಬೇಕಾಗಿಲ್ಲ, ಫೋನಿನಲ್ಲಿ ಕೇಳಿದ್ದೀರಿ. ಅವನು ಬಂದು ನೋಡುವುದರೊಳಗೆ ತೆಗೆಯಬೇಕು ಅನ್ನುವುದೊಂದೇ ನನ್ನ ತಲೆಯಲ್ಲಿ ಇದ್ದದ್ದು. ಗಂಟು ಬಿಚ್ಚಲು ಬರಲಿಲ್ಲ, ಹಲ್ಲಿನಲ್ಲಿ ಕಚ್ಚಿ ಹರಿದೆ. ಕೋಟಿನೊಳಗೆ ಸುತ್ತಿಟ್ಟುಕೊಂಡು ಕೂತೆ. ಅವನು ತಲೆ ಎತ್ತಿದ. ನನಗೆ ಅವನ ಮುಖ ನೋಡಲು ನಾಚಿಕೆಯಾಯಿತು, ತಗ್ಗಿಸಿದೆ. ನಮ್ಮ ಊರಿನ ಪರವಾಗಿ ನಾಚಿಕೆ. ಅದು ಅವನಿಗೆ ಹೇಗೆ ಕಾಣುತ್ತದೆ ಅಂತ ಒಂದು ಗಳಿಗೆಯೂ ಯೋಚಿಸಲಿಲ್ಲ.

ನಿಮಗೂ ಹೇಳಲಿಲ್ಲ. ಕಾಯುವುದು ನಮಗೆ ರಕ್ತದಲ್ಲೇ ಇದೆ ಅಂತ ಜಂಬ ಕೊಚ್ಚಿದವಳು ನಾನೇ ಅಲ್ಲವೇ, ಯಾವ ಬಾಯಲ್ಲಿ ಹೇಳಲಿ?

ನಿಮ್ಮ ಕಾಗದ ಬಂದ ಕೂಡಲೇ ಮೇಲೆ ಹೋಗಿ ಅವನ ಮುಂದೆ ದುಪ್ಪಟಿ ಹಾಸಿದೆ. "ಇದನ್ನ ನಾನು ಪ್ರತಿ ವಾರ ಕೇಳ್ತೀನಿ ಮಿಸ್ ಜೆನ್. ಬರೆದಿದ್ದನ್ನ ನೋಡಿದ್ರೆ ಏನೂ ಆಗ್ತಿರ್ಲಿಲ್ಲ. ಇದರ ಹಿಂದೆ ನೀವಿದ್ದೀರಿ ಅನ್ನೋದು ಕಾಣ್ತಿತ್ತಲ್ಲ, ಅಷ್ಟು ಸಾಕಿತ್ತು" ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನನ್ನೇ ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟ.

ಮರುದಿನ ಕೋಚ್‌ನ ಆಫೀಸಿಗೆ ಹೋದೆ. ಒಳಗೆ ಬಿಡಲಿಲ್ಲ. ಹೊರಗೆ ಬಂದಾಗ ಹಿಡಿದುಕೊಂಡೆ. "ಅಮ್ಮಾ, ಅವನೇ ಒಪ್ಪಿದ್ದು, ನಾವೇನು ಬಲವಂತ ಮಾಡಿದ್ವಾ?" ಅಂದು ಕಾರು ಹತ್ತಿದ.

ನಾನು ಕಾಪಾಡುತ್ತೇನೆ ಅಂತ ಹೋಗಿ, ನೀವು ಕೇಳಿಕೊಂಡ ಒಂದೇ ಒಂದನ್ನು ಕೆಡಿಸಿದೆ. ಕ್ಷಮಿಸಿ ಅಂತ ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ಜೆನೊವೆಫಾ ಕುಲಿಕ್

•

ಸೇಂಟ್ ಓಡೆಲ್
ಫೆಬ್ರವರಿ 20, 1972

ಮಿಸೆಸ್ ಕುಲಿಕ್ ಅವರಿಗೆ,

ನಿಮ್ಮ ನವೆಂಬರ್ ಪತ್ರಕ್ಕೆ ಉತ್ತರಿಸಲಿಲ್ಲ. ಉತ್ತರಿಸಲು ಮನಸ್ಸಿರಲಿಲ್ಲ.

ಕ್ಲೋವಿಸ್ ವರ್ಷ ಮುಗಿಸಿ ಮನೆಗೆ ಬಂದ. ಕೊನೆಯ ಆಟಗಳಲ್ಲಿ ಚೆನ್ನಾಗಿ ಹಿಡಿದನಂತೆ, ನಿಮ್ಮ ಪತ್ರಿಕೆ ಹೊಗಳಿದೆ, ಈಗ ಅವನು ತನ್ನ ಸರಿಯಾದ ಜಾಗ ಕಂಡುಕೊಂಡಿದ್ದಾನೆ ಎಂದು ಬರೆದಿದೆ. ಆ ತುಣುಕನ್ನು ಅವನೇ ನನಗೆ ತೋರಿಸಿದ. ಎರಡು ವಾರ ಹಿತ್ತಲಿನಲ್ಲಿ ಕೂತಿದ್ದ. ಚೆಂಡು ಮುಟ್ಟಲಿಲ್ಲ.

ಈಗ ತಂಡದವರನ್ನು ಕೇಳಿ ಬಿಡಿಸಿಕೊಂಡಿದ್ದಾನೆ. ಕೆನಡಾದ ಬಯಲು ಸೀಮೆಯ ಒಂದು ತಂಡ ಕರೆದಿದೆ. ಸಂಬಳ ಅರ್ಧದಷ್ಟೂ ಇಲ್ಲ. ಆದರೆ ಎಸೆಯಲು ಬಿಡುತ್ತಾರಂತೆ. "ಎಷ್ಟು ದಿನ ಬಿಡ್ತಾರೋ?" ಎಂದು ಅವನ ತಂದೆ ಕೇಳಿದರು. ಅವನು ಪೆಟ್ಟಿಗೆಗೆ ಬಟ್ಟೆ ತುಂಬುತ್ತಲೇ ಇದ್ದ. ಹುಟ್ಟಿದ ದೇಶದಲ್ಲಿ ಸಿಗದ ಕೆಲಸಕ್ಕೆ ಗಡಿ ದಾಟುತ್ತಿದ್ದಾನೆ. ನನಗೆ ಸಂತೋಷಪಡಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ನಿಮಗೆ ಬರೆಯಲು ಹೇಳಿದವನು ಅವನೇ. ನಿಮ್ಮ ಮೇಲೆ ಅವನಿಗೆ ಕೋಪವಿಲ್ಲ. ನನಗೆ ಇನ್ನೂ ಇದೆ, ಆದರೆ ನೀವು ಹಾಳೆ ಹರಿದು ಹರಿದು ಬರೆದದ್ದು ನಿಜವೆಂದು ನಂಬುತ್ತೇನೆ.

ಅರ್ಲೀನ್ ಗಿಡ್ರಿ

•

ಪೋರ್ಟ್ ಹ್ಯಾನ್ಸನ್
ಅಕ್ಟೋಬರ್ 23, 1972

ಮಿಸೆಸ್ ಗಿಡ್ರಿ ಅವರಿಗೆ,

ಇದನ್ನು ನಿಮಗೆ ಬರೆಯಬೇಕೋ ಬೇಡವೋ ಅಂತ ಇಡೀ ದಿನ ಯೋಚಿಸಿದೆ. ಬಚ್ಚಿಟ್ಟು ಒಂದು ಸಲ ಕೆಟ್ಟಿದ್ದೇನೆ, ಅದಕ್ಕೇ ಬರೆಯುತ್ತೇನೆ.

ಈ ವರ್ಷ ಹೊಸ ಕ್ವಾರ್ಟರ್‌ಬ್ಯಾಕ್ ಬಂದಿದ್ದಾನೆ, ಡ್ಯಾನಿ ಹೆಲ್ಮಿಕ್. ನಮ್ಮ ಪಕ್ಕದ ಊರಿನವನೇ, ಬಂಗಾರದ ಕೂದಲು, ಕ್ಲೋವಿಸ್‌ನಷ್ಟೇ ವಯಸ್ಸು. ಶುರುವಿನಿಂದ ಆರು ಆಟ ಆಡಿದ್ದಾನೆ, ಐದು ಸೋತಿದ್ದಾನೆ. ನಿನ್ನೆ ನಾಲ್ಕು ಸಲ ಎದುರಿನವರ ಕೈಗೆ ಎಸೆದ. ನಾಲ್ಕು! ನಾಲ್ಕನೆಯದಾದ ಮೇಲೆ ಹುಡುಗ ತಲೆ ತಗ್ಗಿಸಿಕೊಂಡು ಹೊರಗೆ ಬರುತ್ತಿದ್ದ. ನಾನು ಕೂಗಾಟಕ್ಕೆ ಕಾಯುತ್ತಾ ಕೂತೆ. ಕೂಗಾಟ ಬರಲಿಲ್ಲ. ನಮ್ಮ ಸಾಲಿನವರು ಒಬ್ಬೊಬ್ಬರಾಗಿ ಎದ್ದು ಚಪ್ಪಾಳೆ ತಟ್ಟಿದರು. "ಪರವಾಗಿಲ್ಲ ಮಗಾ, ತಲೆ ಎತ್ತು!" ಅಂತ ಹಿಂದಿನಿಂದ ಯಾರೋ ಕೂಗಿದರು. ಇಡೀ ಸ್ಟೇಡಿಯಂ ಎದ್ದಿತು.

ಸ್ಟ್ಯಾಶ್ ನನ್ನ ಪಕ್ಕದಲ್ಲೇ ಚಪ್ಪಾಳೆ ತಟ್ಟುತ್ತಿದ್ದ. "ಇನ್ನೂ ಎಳಸು ಕಣೇ ಜೆನ್. ಈ ಕೆಲಸಕ್ಕೆ ಮೂರು ವರ್ಷನಾದ್ರೂ ಕೊಡ್ಬೇಕು. ಆತುರ ಪಟ್ರೆ ಹುಡುಗ ಹಾಳಾಗ್ತಾನೆ" ಅಂದ.

"ಕ್ಲೋವಿಸ್‌ಗೆ ಎಷ್ಟು ಕೊಟ್ಟೆ ಸ್ಟ್ಯಾಶ್?" ಅಂದೆ.

"ಅದು ಬೇರೆ."

"ಏನು ಬೇರೆ? ಬಾಯಿಬಿಟ್ಟು ಹೇಳು."

"ಆಟ ನೋಡೋಕೆ ಬಂದಿದೀಯಾ, ಜಗಳಕ್ಕೆ ಬಂದಿದೀಯಾ?"

"ಆರು ಭಾನುವಾರ ಕೊಟ್ರಿ. ಎರಡು ಗೆದ್ದಿದ್ದ ಅವನು. ಇವನು ಗೆದ್ದಿರೋದು ಒಂದು. ಏನು ಬೇರೆ ಅಂತ ನೀನೇ ಹೇಳು."

ಜೋರಾಗಿಯೇ ಕೇಳಿದೆ. ಮುಂದಿನ ಸಾಲಿನವರು ತಿರುಗಿದರು. ಇಪ್ಪತ್ತು ವರ್ಷದಿಂದ ಒಂದೇ ಪೊಟ್ಟಣದಲ್ಲಿ ಸಾಸೇಜ್ ಹಂಚಿಕೊಂಡು ತಿಂದ ಜನ. ಎಲ್ಲರಿಗೂ ಉತ್ತರ ಗೊತ್ತಿತ್ತು. ಸ್ಟ್ಯಾಶ್ ಮುಖ ಗಂಟು ಹಾಕಿಕೊಂಡು ಮೈದಾನ ನೋಡತೊಡಗಿದ. ನಾನು ಎದ್ದು ಬಂದುಬಿಟ್ಟೆ. ಆಟದ ನಡುವೆ ಎದ್ದು ಬಂದದ್ದು ನನ್ನ ಜನ್ಮದಲ್ಲೇ ಮೊದಲು.

ಆ ಹುಡುಗ ಡ್ಯಾನಿಯ ಮೇಲೆ ನನಗೆ ಹೊಟ್ಟೆಕಿಚ್ಚು ಇಲ್ಲ. ಆದರೆ ಆ ಚಪ್ಪಾಳೆ ಕಿವಿಯಿಂದ ಹೋಗುತ್ತಿಲ್ಲ. ನೀವು ಮೊದಲ ಕಾಗದದಲ್ಲೇ ಕೇಳಿದ್ದಿರಿ, ಕಾಯುವ ಜನವೇ ಅಂತ. ಹೌದು ಮಿಸೆಸ್ ಗಿಡ್ರಿ, ಕಾಯುತ್ತಾರೆ. ಯಾರಿಗೆ ಅಂತ ಆಗ ನಾನು ನನ್ನನ್ನೇ ಕೇಳಿಕೊಳ್ಳಲಿಲ್ಲ.

ಜೆನೊವೆಫಾ ಕುಲಿಕ್

•

ಸೇಂಟ್ ಓಡೆಲ್
ನವೆಂಬರ್ 6, 1972

ಮಿಸೆಸ್ ಕುಲಿಕ್ ಅವರಿಗೆ,

ನೀವು ಬರೆದದ್ದು ನನಗೆ ಹೊಸತಲ್ಲ. ಆದರೂ ನಿಮ್ಮ ಊರಿನವರೊಬ್ಬರು ಅದನ್ನು ಗಟ್ಟಿಯಾಗಿ ಕೇಳಿದ್ದು ಹೊಸತು. ಅದು ಸ್ವಲ್ಪ ಮುಂಚೆ ಆಗಬೇಕಿತ್ತು ಎಂದಷ್ಟೇ ಹೇಳುತ್ತೇನೆ. ಆ ಡ್ಯಾನಿಗೆ ಬೈಯಬೇಡಿ, ಯಾರೂ ಬೈಯದಿರಲಿ. ಅವನಿಗೆ ಸಿಕ್ಕದ್ದೇ ಸರಿಯಾದದ್ದು. ಇಪ್ಪತ್ತೆರಡು ವರ್ಷದ ಯಾವ ಹುಡುಗನಿಗಾದರೂ ಸಿಗಬೇಕಾದದ್ದು ಅದೇ.

ಶನಿವಾರ ಕೆನಡಾದಿಂದ ಫೋನ್ ಬಂದಿತ್ತು. ಅಲ್ಲಿ ಆಗಲೇ ಮಂಡಿಯುದ್ದ ಹಿಮವಂತೆ. ಆಟ ಹೇಗಾಯಿತು ಎಂದು ಕೇಳಿದೆ.

"ತುಂಬಾ ಕೆಟ್ಟದಾಗಿ ಆಡ್ದೆ ಅಮ್ಮಾ," ಎಂದ. "ಮೂರು ಸಲ ಅವರ ಕೈಗೇ ಎಸೆದೆ. ಎಲ್ಲರೂ ಬಾಯಿಗೆ ಬಂದ ಹಾಗೆ ಬೈದ್ರು."

"ಮತ್ತೆ ಕೋಚ್ ಏನಂದ್ರು?" ಎಂದೆ.

"ಏನಂತಾರೆ? ಮಂಗಳವಾರ ಬೇಗ ಬಾ, ಆ ಮೂರನ್ನೂ ಕೂತು ನೋಡೋಣ ಅಂದ್ರು. ಮುಂದಿನ ವಾರಾನೂ ನಾನೇ ಆಡ್ತೀನಿ."

ಇದನ್ನು ಅವನು ಹವಾಮಾನದ ಸುದ್ದಿ ಹೇಳಿದ ಹಾಗೆ ಹೇಳಿ, ತಂದೆಯ ಕಾಲುನೋವು ಹೇಗಿದೆ ಎಂದು ಕೇಳಿದ. ನಾನು ಫೋನನ್ನು ಅವರ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ಅತ್ತೆ.

ಅರ್ಲೀನ್ ಗಿಡ್ರಿ